ನಸುಗುನ್ನಿ ತಾಗಿದ ನಾಯಿಗೆ ಆರೈಕೆ ಹೇಗೆ?

ಮಲೆನಾಡಿನ ತೋಟಗಳ ಬೇಲಿಯಂಚಿನಲ್ಲಿ ಅಲೆದು ಬಂದ ನಾಯಿ ಇದ್ದಕ್ಕಿದ್ದಂತೆ ನೆಲದ ಮೇಲೆ ಹೊರಳಾಡುತ್ತ, ಹೊಟ್ಟೆ ಮತ್ತು ತೊಡೆಯ ಸಂದುಗಳನ್ನು ಬಿಡದೆ ನೆಕ್ಕತೊಡಗಿದರೆ, ಚಿಗಟಕ್ಕಿಂತ ಮೊದಲು ತುರಿಕೆಯ ಗಿಡಗಳನ್ನು ಅನುಮಾನಿಸಬೇಕು. ತುರಿಕೆ ಸೊಪ್ಪಿನ ಎಲೆ ಸೋಕಿದ ಕೂಡಲೇ ಅದರ ರೋಮಗಳು ಚರ್ಮಕ್ಕೆ ಚುಚ್ಚಿಕೊಂಡು ಉರಿ ಎಬ್ಬಿಸುತ್ತವೆ. ಆದರೆ ನಸುಗುನ್ನಿ ಎಂಬ ಬಳ್ಳಿಯ ತೊಂದರೆ ಇರುವುದು ಎಲೆಯಲ್ಲಲ್ಲ, ಕಾಯಿಯನ್ನು ಮುಚ್ಚಿರುವ ಕಂದು ಬಣ್ಣದ ರೋಮಗಳಲ್ಲಿ. ಕಾಯಿ ಒಣಗಿದಾಗ ಇವು ಗಾಳಿಗೂ ಉದುರಿ ನಾಯಿಯ ತುಪ್ಪಳದೊಳಗೆ ಸೇರುತ್ತವೆ. ಈ ರೋಮಗಳಲ್ಲಿರುವ ಮ್ಯೂಕುನೇನ್ ಎಂಬ ಕಿಣ್ವವು, ಅಲರ್ಜಿಯಾದಾಗ ಮೈಯಲ್ಲಿ ಬಿಡುಗಡೆಯಾಗಿ ತುರಿಕೆ ತರುವ ಹಿಸ್ಟಮಿನ್ ಎಂಬ ರಾಸಾಯನಿಕದ ನೆರವಿಲ್ಲದೆಯೇ ತುರಿಕೆಯ ನರಗಳನ್ನು ಕೆರಳಿಸುವುದರಿಂದ ಅಲರ್ಜಿಯ ಮಾತ್ರೆಗೆ ಇದು ಸುಲಭವಾಗಿ ಬಗ್ಗುವುದಿಲ್ಲ. ಆದ್ದರಿಂದ ರೋಮ ತೆಗೆಯುವುದೇ ಇಲ್ಲಿ ಚಿಕಿತ್ಸೆಯ ಮುಕ್ಕಾಲು ಪಾಲು.

ಮೊದಲು ಕೈಗವಸು ಮತ್ತು ತುಂಬುತೋಳಿನ ಅಂಗಿ ಧರಿಸಿ, ನಾಯಿಯನ್ನು ಅಂಗಳದಲ್ಲೇ ಕಟ್ಟಿ ನಿಲ್ಲಿಸಿ. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚಬಹುದು. ಹಾಗಾಗಿ ಪರಿಚಿತರೊಬ್ಬರು ತಲೆಯ ಬಳಿ ಇದ್ದರೆ ಒಳ್ಳೆಯದು. ಕೊರಳಪಟ್ಟಿಯನ್ನು ಬಿಚ್ಚಿ ಬೇರೆ ಹಗ್ಗ ಹಾಕಿ, ಏಕೆಂದರೆ ಪಟ್ಟಿಯ ಅಡಿಯಲ್ಲಿ ಸೇರಿಕೊಂಡ ರೋಮಗಳು ಕಣ್ಣಿಗೆ ಕಾಣುವುದಿಲ್ಲ.

ಮೈ ಒಣಗಿರುವಾಗಲೇ ಅಂಟುವ ಟೇಪನ್ನು ಚರ್ಮಕ್ಕೆ ಹಗುರವಾಗಿ ಒತ್ತಿ, ಕೂದಲು ಬೆಳೆದಿರುವ ದಿಕ್ಕಿನಲ್ಲೇ ಎತ್ತಿ. ಪ್ರತಿ ಸಲವೂ ಹೊಸ ತುಂಡನ್ನೇ ಬಳಸಿ. ಹೊಟ್ಟೆ, ಕಂಕುಳು, ಕಿವಿಯ ಒಳಮಗ್ಗುಲು ಮುಂತಾದ ಕೂದಲು ವಿರಳವಾದ ಜಾಗಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಬಟ್ಟೆಯಿಂದ ಉಜ್ಜಿದರೆ ರೋಮಗಳು ಇನ್ನಷ್ಟು ಒಳಗಿಳಿಯುತ್ತವೆ. ಕೆಲವೆಡೆ ಸೆಗಣಿ ಬಳಿದು ಒಣಗಿದ ಮೇಲೆ ಉದುರಿಸುವ ರೂಢಿಯಿದೆ. ಅದರ ಹಿಂದಿನ ತರ್ಕವೂ ಟೇಪಿನದೇ, ಆದರೆ ಕೆರೆದು ಗಾಯವಾದ ಚರ್ಮಕ್ಕೆ ಸೆಗಣಿಯಿಂದ ಸೋಂಕು ತಗಲಬಹುದು.

ಬಳಿಕ ತಣ್ಣೀರನ್ನು ಬೆನ್ನಿನಿಂದ ಕೆಳಮುಖವಾಗಿ ಧಾರಾಳವಾಗಿ ಸುರಿದು, ನಾಯಿಗಳಿಗೆಂದೇ ಇರುವ ಶಾಂಪೂ ಹಚ್ಚಿ ತೊಳೆಯಿರಿ. ಬೆರಳ ಸಂದುಗಳನ್ನು ಮರೆಯಬೇಡಿ. ಬಿಸಿನೀರು ತುರಿಕೆಯನ್ನು ಹೆಚ್ಚಿಸುತ್ತದೆ. ಕಣ್ಣನ್ನು ಉಜ್ಜುತ್ತಿದ್ದರೆ ಶುದ್ಧ ನೀರು ಅಥವಾ ಸಲೈನಿನಿಂದ ತೊಳೆದು ವೈದ್ಯರಿಗೆ ತೋರಿಸಿ.

ಇಷ್ಟಾದ ಮೇಲೂ ಚರ್ಮ ಕೆಂಪಾಗಿದ್ದರೆ, ಓಟ್ಸನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ತಣ್ಣೀರಿನಲ್ಲಿ ಕಲಸಿ, ಆ ನೀರನ್ನು ಮೈಮೇಲೆ 10ರಿಂದ 15 ನಿಮಿಷ ನಿಲ್ಲುವಂತೆ ಹಾಕುತ್ತಿರಿ. ಮಸಾಲೆ ಓಟ್ಸ್ ಖಂಡಿತ ಬೇಡ: ಅದರಲ್ಲಿ ಈರುಳ್ಳಿ ಪುಡಿ ಇರಬಹುದು, ನಾಯಿ ಹೇಗೂ ಮೈ ನೆಕ್ಕುತ್ತದೆ, ಈರುಳ್ಳಿ ನಾಯಿಗೆ ವಿಷ. ನೆಕ್ಕುವ ಈ ಅಭ್ಯಾಸದಿಂದಾಗಿಯೇ ಮನೆಯ ಬಹಳಷ್ಟು ಮದ್ದುಗಳು ಕೆಲಸಕ್ಕೆ ಬಾರವು. ಕೊಬ್ಬರಿ ಎಣ್ಣೆಗೆ ಕರ್ಪೂರ ಕಲಸಿ ಹಚ್ಚುವುದು ಮನುಷ್ಯರಿಗೆ ಹಿತವೆನಿಸಿದರೂ ಹೊಟ್ಟೆ ಸೇರಿದ ಕರ್ಪೂರ ನಾಯಿಗೆ ಅಪಾಯಕಾರಿ. ಸತುವಿರುವ ಕ್ಯಾಲಮೈನ್ ಲೋಷನ್ನಿಗೂ ಇದೇ ಮಾತು ಅನ್ವಯಿಸುತ್ತದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಎಂದಿಗೂ ಕೊಡಕೂಡದು. ಅಲರ್ಜಿಯ ಮಾತ್ರೆಯನ್ನು ಕೂಡ ನಾಯಿಯ ತೂಕ ನೋಡಿ ಪಶುವೈದ್ಯರೇ ಹೇಳಬೇಕು.

ಮೂತಿ ಊದುವುದು, ಜೊಲ್ಲು ನಿಲ್ಲದೆ ಸುರಿಯುವುದು, ವಾಂತಿ, ಉಸಿರಾಟದ ತೊಂದರೆ, ನಡಿಗೆಯಲ್ಲಿ ತೂರಾಟ, ಇವುಗಳಲ್ಲಿ ಒಂದು ಕಂಡರೂ ಆರೈಕೆಯನ್ನು ಅಲ್ಲಿಗೇ ನಿಲ್ಲಿಸಿ ಪಶು ಆಸ್ಪತ್ರೆಗೆ ಒಯ್ಯಿರಿ. ಸಾಧ್ಯವಾದರೆ ಗಿಡದ ಫೋಟೊ ತೆಗೆದುಕೊಂಡು ಹೋಗಿ, ಕಾಯಿಯನ್ನು ಮಾತ್ರ ಕೀಳಬೇಡಿ.

ನಾಯಿ ಶಾಂತವಾದ ನಂತರ ಅದರ ಗೋಣಿಚೀಲ, ಕೊರಳಪಟ್ಟಿ, ನಿಮ್ಮ ಅಂಗಿ ಎಲ್ಲವನ್ನೂ ಮನೆಯ ಉಳಿದ ಬಟ್ಟೆಗಳಿಂದ ಬೇರೆಯಾಗಿ ಒಗೆಯಿರಿ. ಬಳಸಿದ ಟೇಪಿನ ತುಂಡುಗಳನ್ನು ಒಳಮುಖವಾಗಿ ಮಡಚಿ ಕವರಿನಲ್ಲಿ ಕಟ್ಟಿ ಬಿಸಾಡಿ, ಒಲೆಗೆ ಹಾಕಬೇಡಿ.