ವಿಮಾನದ ದೂರ ಮತ್ತು ಹಾರಾಟದ ಸಮಯ: ಲೆಕ್ಕ ಹಾಕುವುದು ಹೇಗೆ?

ಬೆಂಗಳೂರಿನಿಂದ ದೆಹಲಿಗೆ ರಸ್ತೆಯಲ್ಲಿ ಹೋದರೆ ದೂರ 2,100 ಕಿ.ಮೀ. ದಾಟುತ್ತದೆ, ಆಕಾಶಮಾರ್ಗದಲ್ಲಿ ಅದು ಸುಮಾರು 1,710 ಕಿ.ಮೀ. ಈ ಎರಡನೆಯ ಸಂಖ್ಯೆಯನ್ನು ಕಾಗದ, ಪೆನ್ಸಿಲ್ ಹಿಡಿದು ಯಾರು ಬೇಕಾದರೂ ಕಂಡುಕೊಳ್ಳಬಹುದು.

ಮೊದಲು ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶದಲ್ಲಿ ಬರೆದುಕೊಳ್ಳಿ. ಗೂಗಲ್ ಮ್ಯಾಪ್ಸ್‌ನಲ್ಲಿ ರನ್‌ವೇ ಮೇಲೆ ಮೌಸ್‌ನ ಬಲಗುಂಡಿ ಒತ್ತಿದರೆ ಅವು ಸಿಗುತ್ತವೆ. ಊರಿನ ಹೆಸರನ್ನಷ್ಟೇ ನಂಬಬಾರದು. ದೇವನಹಳ್ಳಿಯ ನಿಲ್ದಾಣ ವಿಧಾನಸೌಧದಿಂದ ನೇರ ಗೆರೆಯಲ್ಲೇ 25 ಕಿ.ಮೀ.ಗೂ ಹೆಚ್ಚು ದೂರವಿದೆ.

ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111.2 ಕಿ.ಮೀ. ಬೆಂಗಳೂರು ನಿಲ್ದಾಣ 13.20, ದೆಹಲಿಯದು 28.56 ಡಿಗ್ರಿ ಉತ್ತರದಲ್ಲಿವೆ. ವ್ಯತ್ಯಾಸವಾದ 15.36ನ್ನು 111.2ರಿಂದ ಗುಣಿಸಿದರೆ 1,708 ಕಿ.ಮೀ. ಬರುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿರುವುದರಿಂದ ಇಲ್ಲಿಗೆ ಕೆಲಸ ಮುಗಿಯಿತು.

ಮುಂಬೈಗಾದರೆ ಇನ್ನೊಂದು ಹೆಜ್ಜೆ ಬೇಕು. ಉತ್ತರಕ್ಕೆ 5.89 ಡಿಗ್ರಿ, ಅಂದರೆ 655 ಕಿ.ಮೀ. ಪಶ್ಚಿಮಕ್ಕೆ 4.84 ಡಿಗ್ರಿ, ಆದರೆ ಧ್ರುವದ ಕಡೆ ಹೋದಂತೆ ರೇಖಾಂಶಗಳು ಹತ್ತಿರವಾಗುವುದರಿಂದ ಇದನ್ನು 111.2ರಿಂದ ಗುಣಿಸಿ, ಬಂದದ್ದನ್ನು ಸರಾಸರಿ ಅಕ್ಷಾಂಶದ ಕೊಸೈನ್‌ನಿಂದ (ಇಲ್ಲಿ 0.96) ಮತ್ತೆ ಗುಣಿಸಬೇಕು. ಉತ್ತರ 517. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 835 ಕಿ.ಮೀ. ಶಾಲೆ ಬಿಟ್ಟ ಮೇಲೆ ಕೊಸೈನ್ ಉಪಯೋಗಕ್ಕೆ ಬರುವ ಅಪರೂಪದ ಸಂದರ್ಭವಿದು.

ಖಂಡ ದಾಟುವ ದೂರಕ್ಕೆ ಈ ವಿಧಾನ ಸಲ್ಲದು. ಗೋಳದ ಮೇಲೆ ದಾರ ಬಿಗಿಯಾಗಿ ಎಳೆದು ನೋಡುವುದೇ ಲೇಸು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ಬಾರಿ ತಡೆರಹಿತವಾಗಿ ಬಂದ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲಿಂದ ಹಾರಿದ್ದೇಕೆಂಬುದು ಆ ದಾರವನ್ನು ನೋಡಿದರೆ ತಿಳಿಯುತ್ತದೆ.

ಇನ್ನು ಸಮಯ. ಜೆಟ್ ವಿಮಾನದ ವೇಗವನ್ನು ಗಂಟೆಗೆ 830 ಕಿ.ಮೀ. ಎಂದಿಟ್ಟುಕೊಂಡರೆ ದೆಹಲಿಗೆ 2 ಗಂಟೆ 4 ನಿಮಿಷ. ಟಿಕೆಟ್‌ನಲ್ಲಿ ಮಾತ್ರ ಎರಡೂಮುಕ್ಕಾಲು ಗಂಟೆಯ ಆಸುಪಾಸು ಇರುತ್ತದೆ, ಏಕೆಂದರೆ ವಿಮಾನಯಾನ ಸಂಸ್ಥೆಗಳು ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ತಲುಪಬೇಕಾದ ನಿಲ್ದಾಣದಲ್ಲಿ ಮತ್ತೆ ನಿಲ್ಲುವವರೆಗೆ ಲೆಕ್ಕ ಹಿಡಿಯುತ್ತವೆ. ರನ್‌ವೇಗೆ ಸಾಗುವುದು, ಏರುವುದು, ಇಳಿಯುವುದು, ಸರದಿಗಾಗಿ ಸುತ್ತುವುದು ಎಲ್ಲವೂ ಅದರಲ್ಲಿ ಸೇರಿವೆ. ಹೀಗಾಗಿ 30ರಿಂದ 40 ನಿಮಿಷ ಕೂಡಿಸಿ.

ದೂರದ ಪ್ರಯಾಣದಲ್ಲಿ ಗಾಳಿಯನ್ನೂ ಗಣಿಸಬೇಕು. ಸುಮಾರು 8,000 ಕಿ.ಮೀ. ದೂರದ ಲಂಡನ್‌ಗೆ 900 ಕಿ.ಮೀ. ವೇಗದಲ್ಲಿ ಹೋಗುವ ವಿಮಾನಕ್ಕೆ ಎದುರುಗಾಳಿ 50 ಕಿ.ಮೀ. ಇದ್ದರೆ 9 ಗಂಟೆ 25 ನಿಮಿಷ ಹಾರಬೇಕು. ಮರಳುವಾಗ ಅದೇ ಗಾಳಿ ಹಿಂದಿನಿಂದ ತಳ್ಳಿದರೆ ಒಂದು ಗಂಟೆ ಉಳಿಯುತ್ತದೆ.

ಟಿಕೆಟ್‌ನಲ್ಲಿ ಅಚ್ಚಾದ ವೇಳೆ ಆಯಾ ಊರಿನದು. ಚಳಿಗಾಲದಲ್ಲಿ ಮಧ್ಯಾಹ್ನ 1ಕ್ಕೆ ಇಲ್ಲಿಂದ ಹೊರಟು ಸಂಜೆ 6ಕ್ಕೆ ಲಂಡನ್ ತಲುಪಿದರೆ, ಆ 5 ಗಂಟೆಗೆ ಐದೂವರೆ ಸೇರಿಸಿ ಹತ್ತೂವರೆ ಎನ್ನಬೇಕು. ಅವರ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ನಾಲ್ಕೂವರೆ ಸೇರಿಸಿದರೆ ಸಾಕು.