ತರಗೆಲೆಗೂ ಮಂಗನ ಕಾಯಿಲೆಗೂ ಇರುವ ನಂಟು: ನಾನು ಅಳೆಯುವ ಬಗೆ

ಮಂಗನ ಕಾಯಿಲೆ ಉಣುಗು ಕಚ್ಚಿ ಬರುವಂಥದ್ದು, ಆ ಉಣುಗು ತರಗೆಲೆಯಲ್ಲಿರುತ್ತದೆ. ಕಾಯಿಲೆ ಬಂದವರನ್ನು "ಕಾಡಿಗೆ ಹೋಗಿದ್ರಾ?" ಅಂತ ಕೇಳಿದರೆ ಸಮೀಕ್ಷೆ ಅಲ್ಲಿಗೇ ಕೆಟ್ಟಿತು. ಕೊಪ್ಪ, ನರಸಿಂಹರಾಜಪುರದ ಕಡೆ ಮನೆ ಹಿಂದಿನ ಸೊಪ್ಪಿನ ಬೆಟ್ಟವನ್ನು ಕಾಡಿನ ಲೆಕ್ಕಕ್ಕೆ ಹಿಡಿಯದವರೇ ಹೆಚ್ಚು. ಸೌದೆ ತಂದವರಿಗೆ ಅರಣ್ಯ ಇಲಾಖೆಯ ಭಯ ಬೇರೆ. ನಾನು ಕೆಲಸ ಹಿಡಿದು ಕೇಳುತ್ತೇನೆ: ಕೊಟ್ಟಿಗೆಗೆ ತರಗೆಲೆ ತಂದಿರಾ, ದನ ಹುಡುಕಲು ಹೋಗಿದ್ದಿರಾ, ಎಷ್ಟು ಸಲ? ಉಣುಗು ಕಚ್ಚಿದ ಮೇಲೆ ಜ್ವರ ಬರಲು ಸಾಮಾನ್ಯವಾಗಿ 3ರಿಂದ 8 ದಿನ. ಹಾಗಾಗಿ ಜ್ವರ ಶುರುವಾಗುವ ಮುಂಚಿನ 14 ದಿನಗಳನ್ನು ವಿಚಾರಿಸಿದರೆ ಸಾಕು. ಕಂಟ್ರೋಲ್‌ಗಳಿಗೂ (ಹೋಲಿಕೆಗೆ ಆರಿಸಿದ, ಕಾಯಿಲೆ ಬಾರದವರು) ಅವೇ ತಾರೀಖು. ತಾರೀಖು ನೆನಪಿಲ್ಲದಿದ್ದರೆ ಸಂತೆ ದಿನ, ಶಿವರಾತ್ರಿ ಹಿಡಿದು ಲೆಕ್ಕ ಹಾಕಿಸಬಹುದು.

ಕೇಸ್ ಅಂದರೆ ಆರ್‌ಟಿ-ಪಿಸಿಆರ್‌ನಲ್ಲಿ ಖಚಿತವಾದವರು ಮಾತ್ರ. ಕಂಟ್ರೋಲ್‌ಗಳನ್ನು ಅದೇ ಊರಿನ ಮನೆಪಟ್ಟಿಯಿಂದ ಚೀಟಿ ಎತ್ತಿ ಆರಿಸುತ್ತೇನೆ. ಈ ಸೀಸನ್ನಿನಲ್ಲಿ ಜ್ವರ ಬಂದವರನ್ನು ಬಿಡುತ್ತೇನೆ. ಕೇಸ್ ಇರುವ ಮನೆಯವರೇ ಬೇಡ: ಒಂದೇ ಕೊಟ್ಟಿಗೆ, ಒಂದೇ ತರಗೆಲೆ, ವ್ಯತ್ಯಾಸವೇ ಕಾಣುವುದಿಲ್ಲ. ಆಸ್ಪತ್ರೆಯ ಓಪಿಡಿ ಸಾಲಿನಿಂದ ಆರಿಸುವುದು ಸುಲಭ, ಆದರೆ ಅಲ್ಲಿ ಪೇಟೆಯವರು ಸೇರಿಕೊಂಡು ನಂಟು ಇಲ್ಲದಷ್ಟು ಉಬ್ಬುತ್ತದೆ.

ಲೆಕ್ಕ ತೋರಿಸಲು ಕಲ್ಪಿತ ಅಂಕಿ ತೆಗೆದುಕೊಳ್ಳೋಣ. 40 ಕೇಸ್‌ಗಳಲ್ಲಿ 28 ಮಂದಿ ತರಗೆಲೆ ತಂದವರು, 12 ಮಂದಿ ತರದವರು. 80 ಕಂಟ್ರೋಲ್‌ಗಳಲ್ಲಿ 32 ಮತ್ತು 48. ಆಡ್ಸ್ ರೇಶಿಯೊ, ಅಂದರೆ ತರಗೆಲೆ ತಂದವರು-ತರದವರ ಅನುಪಾತ ಕೇಸ್‌ಗಳಲ್ಲಿ ಕಂಟ್ರೋಲ್‌ಗಳ ಎಷ್ಟು ಪಟ್ಟು ಎಂಬುದು, (28×48)÷(12×32) = 3.5. ಇನ್ನು ಶೇ 95ರ ವಿಶ್ವಾಸದ ಅಂತರ (ನಿಜವಾದ ರೇಶಿಯೊ ಇರಬಹುದಾದ ವ್ಯಾಪ್ತಿ): ಕೋಷ್ಟಕದ ನಾಲ್ಕೂ ಮನೆಗಳ (28, 12, 32, 48) ವಿಲೋಮ (1/28, 1/12 ಹೀಗೆ) ಕೂಡಿಸಿ ವರ್ಗಮೂಲ ತೆಗೆದರೆ 0.414. 3.5ರ ನ್ಯಾಚುರಲ್ ಲಾಗ್ 1.253. ಅದಕ್ಕೆ 1.96×0.414 ಕಳೆದು, ಕೂಡಿ, ಲಾಗ್ ಬಿಡಿಸಿದರೆ 1.56ರಿಂದ 7.87. ಅಂತರ ಇಷ್ಟು ಅಗಲವಾಗಿರುವಾಗ ಬರೀ "ಮೂರೂವರೆ ಪಟ್ಟು" ಅಂತ ವರದಿ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಯಾವುದಾದರೂ ಮನೆ ಸೊನ್ನೆಯಾದರೆ ನಾಲ್ಕಕ್ಕೂ 0.5 ಕೂಡಿಸಿ. ಒಬ್ಬೊಬ್ಬ ಕೇಸ್‌ಗೂ ವಯಸ್ಸು ನೋಡಿ ಜೋಡಿ ಮಾಡಿದ್ದರೆ ಈ ಸೂತ್ರ ನಡೆಯದು, ಜೋಡಿಗಳ ಲೆಕ್ಕವೇ ಬೇರೆ.

ದನ ಸಾಕಿದವರೇ ತರಗೆಲೆ ತರುವುದು. ದನದ ಮೈಮೇಲೂ ಉಣುಗು ಇರುತ್ತದೆ. ಹಾಗಾದರೆ ಆ 3.5 ಯಾರ ಪಾಲು? ಕೋಷ್ಟಕವನ್ನು ಎರಡು ಮಾಡುತ್ತೇನೆ. ದನ ಇರುವವರಲ್ಲಿ (ಮೊದಲು ತಂದವರು, ಆಮೇಲೆ ತರದವರು) ಕೇಸ್ 24 ಮತ್ತು 6, ಕಂಟ್ರೋಲ್ 24 ಮತ್ತು 12: ರೇಶಿಯೊ 2. ಇಲ್ಲದವರಲ್ಲಿ ಕೇಸ್ 4 ಮತ್ತು 6, ಕಂಟ್ರೋಲ್ 8 ಮತ್ತು 36: ರೇಶಿಯೊ 3. ಪ್ರತಿ ಕೋಷ್ಟಕಕ್ಕೂ ತಕ್ಕ ತೂಕ ಕೊಡುವ ಮ್ಯಾಂಟೆಲ್-ಹೆನ್ಸೆಲ್ ವಿಧಾನದಲ್ಲಿ ಎರಡನ್ನೂ ಸೇರಿಸಿದರೆ ಸುಮಾರು 2.3. ಒಟ್ಟಿನ 3.5ರಲ್ಲಿ ದನದ ಪಾಲೂ ಸೇರಿಕೊಂಡಿತ್ತು. ಎಪಿ ಇನ್ಫೊ ಎಂಬ ತಂತ್ರಾಂಶದಲ್ಲಿ ಇದು ಕ್ಷಣದ ಕೆಲಸ, ಆದರೆ ದನದ ಪ್ರಶ್ನೆಯನ್ನು ಮೊದಲೇ ಕೇಳಿರಬೇಕಲ್ಲ!

ಮದುವೆ ಊಟದ ವಾಂತಿಭೇದಿಗೆ ಆಡ್ಸ್ ರೇಶಿಯೊ ಬಳಸಬೇಡಿ. ಅಲ್ಲಿ ಉಂಡವರೆಲ್ಲರ ಪಟ್ಟಿ ಸಿಗುತ್ತದೆ. ಪಾಯಸ ತಿಂದವರಲ್ಲಿ ಶೇ 60, ತಿನ್ನದವರಲ್ಲಿ ಶೇ 30 ಮಂದಿಗೆ ಕಾಯಿಲೆ ಅಂದರೆ ರಿಲೇಟಿವ್ ರಿಸ್ಕ್ (ಒಂದು ಶೇಕಡಾವನ್ನು ಇನ್ನೊಂದರಿಂದ ಭಾಗಿಸಿದ್ದು) ನೇರವಾಗಿ 2. ಅದೇ ಅಂಕಿಗೆ ಆಡ್ಸ್ ರೇಶಿಯೊ 3.5 ಬರುತ್ತದೆ. ಕಾಯಿಲೆ ವಿರಳವಾಗಿದ್ದಾಗ ಮಾತ್ರ ಇವೆರಡೂ ಹತ್ತಿರ ಹತ್ತಿರ.