ಗೇಟಿನಿಂದ ಸೀಟಿನವರೆಗೆ: ಕಾಲೇಜು ಫುಟ್‌ಬಾಲ್ ಮೈದಾನದಲ್ಲಿ ನನ್ನ ಅನುಭವ

ಮಿಶಿಗನ್ ರಾಜ್ಯದ ಆನ್ ಆರ್ಬರ್ ಊರಿನ ಜನಸಂಖ್ಯೆ ಸುಮಾರು 1.2 ಲಕ್ಷ. ಅಲ್ಲಿನ ವಿಶ್ವವಿದ್ಯಾಲಯದ ಫುಟ್‌ಬಾಲ್ ಮೈದಾನದಲ್ಲಿ 1,07,601 ಜನ ಕೂರಬಹುದು. ಇದು ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. 1927ರಲ್ಲಿ ಶುರುವಾದ ಮೈದಾನ ಅದು. ಲಕ್ಷ ಮೀರಿ ಜನ ಹಿಡಿಸುವ ಕಾಲೇಜು ಮೈದಾನಗಳು ಅಮೆರಿಕದಲ್ಲಿ ಎಂಟು ಇವೆ. ವಿದ್ಯಾರ್ಥಿಗಳು ಆಡುವ ಆಟಕ್ಕೆ ಇಷ್ಟು ಜನ ಬರುತ್ತಾರೆ ಅಂದರೆ ಊರಲ್ಲಿರುವ ನಮ್ಮವರಿಗೆ ನಂಬಿಕೆ ಬರುವುದೇ ಇಲ್ಲ.

ನಾನು ಕೆಲಸ ಮಾಡುವುದು ಮಿಡ್‌ವೆಸ್ಟ್‌ನ, ಅಂದರೆ ಮಿಶಿಗನ್ ಇರುವ ಭಾಗದ್ದೇ, ಇನ್ನೊಂದು ವಿಶ್ವವಿದ್ಯಾಲಯದಲ್ಲಿ. ನಮ್ಮ ಮೈದಾನ ಅಷ್ಟು ದೊಡ್ಡದಲ್ಲ, ಆದರೆ ಅದೂ 1920ರ ದಶಕದ್ದೇ. ಮೈಸೂರಿನಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಓದಿ, ಮೇಲಿನ ಓದಿಗೆ ಇಲ್ಲಿಗೆ ಬಂದೆ. ಸರದಿ ಸಾಲುಗಳ ಲೆಕ್ಕ ನನ್ನ ವಿಷಯ. ಅದೇ ನನ್ನನ್ನು ಕ್ರೀಡಾ ವಿಭಾಗಕ್ಕೆ ಕರೆತಂದಿತು. ಪಂದ್ಯದ ದಿನ ಗೇಟು, ನಡೆದಾಡುವ ದಾರಿ, ಶೌಚಾಲಯ, ನೀರು, ತಿಂಡಿ ಅಂಗಡಿ, ಆಮೇಲೆ ಜನ ಹೊರಗೆ ಹೋಗುವ ವ್ಯವಸ್ಥೆ, ಇವೆಲ್ಲ ನಮ್ಮ ತಂಡದ ಕೆಲಸ.

'ಪಂದ್ಯದ ದಿನದ ಅನುಭವ ಚೆನ್ನಾಗಿರಬೇಕು' ಅಂತ ಮಾತು ಬಂದಾಗಲೆಲ್ಲ ದೊಡ್ಡ ಪರದೆ, ಪಟಾಕಿ, ದೀಪಗಳ ಆಟ ಇವೇ ಮೊದಲು ಚರ್ಚೆಗೆ ಬರುತ್ತವೆ. ನನಗೂ ಪರದೆ ಇಷ್ಟ. ಆದರೆ ಪಂದ್ಯ ಮುಗಿದ ಮೇಲೆ ಜನ ಬರೆದು ಕಳಿಸುವುದನ್ನು ಓದಿ ನೋಡಿ. ಗೇಟಿನಲ್ಲಿ ನಿಂತು ಮೊದಲ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು) ತಪ್ಪಿತು. ಅಮ್ಮನಿಗೆ ಮೆಟ್ಟಿಲು ಹತ್ತಲು ಆಗಲಿಲ್ಲ. ನೀರಿಗೆ ಸಾಲು. ಫೋನ್ ಕೆಲಸ ಮಾಡಲಿಲ್ಲ. ಪಾರ್ಕಿಂಗ್‌ನಿಂದ ಹೊರಬೀಳಲು ಪಂದ್ಯದಷ್ಟೇ ಹೊತ್ತು ಬೇಕಾಯಿತು. ತಂಡ ಗೆಲ್ಲುವುದು ನಮ್ಮ ಕೈಲಿಲ್ಲ. ಜನ ಎಷ್ಟು ಹೊತ್ತು ಕಾಯಬೇಕು ಅನ್ನುವುದು ಮಾತ್ರ ಬಹುಪಾಲು ನಮ್ಮ ಕೈಲೇ ಇದೆ. ನಾನು ಹಿಡಿದದ್ದು ಇದೊಂದನ್ನೇ.

ಗೇಟಿನಿಂದ ಶುರು ಮಾಡಿದೆ. ಜನ ಬೇಗ ಬಂದಿರುತ್ತಾರೆ, ಆದರೆ ಒಳಗೆ ಬರುವುದಿಲ್ಲ. ಬೆಳಿಗ್ಗೆಯಿಂದ ಪಾರ್ಕಿಂಗ್ ಜಾಗದಲ್ಲಿ ಕಾರಿನ ಹಿಂದೆ ಒಲೆ ಹಚ್ಚಿ, ಅಡುಗೆ ಮಾಡಿ, ಸ್ನೇಹಿತರ ಜೊತೆ ಕೂತಿರುತ್ತಾರೆ. ಇದನ್ನು ಟೇಲ್‌ಗೇಟಿಂಗ್ ಅಂತಾರೆ. ಅದೇ ಅರ್ಧ ಹಬ್ಬ. ಆಟ ಶುರುವಾಗುವ ಹೊತ್ತು ಹತ್ತಿರ ಬಂದಾಗ, ತೇರು ಹೊರಡುವ ಗಳಿಗೆಗೆ ರಥಬೀದಿ ತುಂಬುವ ಹಾಗೆ, ಎಲ್ಲರೂ ಒಮ್ಮೆಗೇ ಗೇಟಿಗೆ ಬರುತ್ತಾರೆ.

ಲೆಕ್ಕ ಹಾಕಿ ನೋಡಿ. ಕೊನೆಯ ಅರ್ಧ ಗಂಟೆಯಲ್ಲಿ 20,000 ಜನ ಬಂದರೆ ನಿಮಿಷಕ್ಕೆ ಸುಮಾರು 667 ಜನ. ಒಂದು ಸಾಲಿನಲ್ಲಿ ನಿಮಿಷಕ್ಕೆ 10 ಜನ ಒಳಗೆ ಹೋಗಬಹುದು ಅಂದುಕೊಂಡರೆ 67 ಸಾಲು ಬೇಕು. ಒಬ್ಬೊಬ್ಬರಿಗೆ ಎರಡೇ ಸೆಕೆಂಡ್ ಜಾಸ್ತಿ ಹಿಡಿದರೂ ಅದೇ 67 ಸಾಲಿನಲ್ಲಿ ಸುಮಾರು 5,000 ಜನ ಆಟ ಶುರುವಾದಾಗ ಹೊರಗೇ ಇರುತ್ತಾರೆ. ಎರಡು ಸೆಕೆಂಡ್ ಎಲ್ಲಿ ಹೋಗುತ್ತದೆ? ಫೋನಿನಲ್ಲಿ ಟಿಕೆಟ್ ಹುಡುಕುವುದರಲ್ಲಿ. ಬ್ಯಾಗ್ ಬಿಚ್ಚುವುದರಲ್ಲಿ. 'ಈ ಬ್ಯಾಗ್ ನಡೆಯಲ್ಲ' ಅಂತ ವಾದ ಮಾಡುವುದರಲ್ಲಿ.

ಬ್ಯಾಗ್ ನಿಯಮ ಈಗ ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ಒಳಗಿರುವುದು ಕಾಣುವಂಥ ಪ್ಲಾಸ್ಟಿಕ್ ಬ್ಯಾಗ್, ಹೆಚ್ಚೆಂದರೆ 12 ಇಂಚು ಉದ್ದ, 12 ಇಂಚು ಎತ್ತರ, 6 ಇಂಚು ಅಗಲ. ವೃತ್ತಿಪರ ಲೀಗ್ ಎನ್‌ಎಫ್‌ಎಲ್ 2013ರಲ್ಲಿ ಇದನ್ನು ತಂದಿತು. ದಕ್ಷಿಣದ ಕಾಲೇಜುಗಳ ಎಸ್‌ಇಸಿ ಒಕ್ಕೂಟ 2017ರಲ್ಲಿ ಹಿಡಿಯಿತು. ನಿಯಮ ಸರಿ. ಆದರೆ ಅದು ಜನರಿಗೆ ಗೊತ್ತಾಗಬೇಕಾದ್ದು ಗೇಟಿನಲ್ಲಿ ಅಲ್ಲ, ಪಾರ್ಕಿಂಗ್‌ನಲ್ಲಿ. ಅಲ್ಲಾದರೆ ಕಾರಿನಲ್ಲಿಟ್ಟು ಬರಬಹುದು. ಹಾಗಾಗಿ ವಿದ್ಯಾರ್ಥಿಗಳ ಕೈಗೆ ಖಾಲಿ ಪ್ಲಾಸ್ಟಿಕ್ ಬ್ಯಾಗ್‌ಗಳನ್ನು ಕೊಟ್ಟು ಪಾರ್ಕಿಂಗ್ ಜಾಗಗಳಿಗೆ ಕಳಿಸಿದೆವು. ಅಲ್ಲೇ ಟಿಕೆಟ್‌ನ ಮಾತೂ ಹೇಳಿಸಿದೆವು: ಟಿಕೆಟ್ಟನ್ನು ಈಗಲೇ ಫೋನಿನ ವಾಲೆಟ್‌ಗೆ ಹಾಕಿಕೊಳ್ಳಿ, ಗೇಟಿನ ಹತ್ತಿರ ನೆಟ್‌ವರ್ಕ್ ಸಿಗೋದು ಕಷ್ಟ. ವಾಲೆಟ್‌ನಲ್ಲಿದ್ದರೆ ನೆಟ್ ಇಲ್ಲದಿದ್ದರೂ ತೋರಿಸಬಹುದು.

ಎರಡನೆಯದು, ತಪಾಸಣೆ ಮತ್ತು ಟಿಕೆಟ್ ನೋಡುವುದು ಒಂದೇ ಜಾಗದಲ್ಲಿತ್ತು. ಎರಡನ್ನೂ ದೂರ ಮಾಡಿದೆವು. ಮೆಟಲ್ ಡಿಟೆಕ್ಟರ್ ಹೊರಗಿನ ಬೇಲಿಯ ಹತ್ತಿರ, ಟಿಕೆಟ್ ಒಳಗೆ ಗೋಡೆಯ ಹತ್ತಿರ. ನಡುವೆ ತೆರೆದ ಜಾಗ. ಒಂದು ಕಡೆ ತಡವಾದರೆ ಇನ್ನೊಂದು ಕಡೆ ನಿಲ್ಲುವುದಿಲ್ಲ, ಹಿಂದಿನಿಂದ ನೂಕುವುದೂ ಕಡಿಮೆ.

ಈ ತೆರೆದ ಜಾಗದ ವಿಷಯದಲ್ಲಿ ನಾನು ಹಟ ಹಿಡಿದೆ. 1993ರ ಅಕ್ಟೋಬರ್ 30ರಂದು ವಿಸ್ಕಾನ್ಸಿನ್‌ನ ಕ್ಯಾಂಪ್ ರ್‍ಯಾಂಡಲ್ ಮೈದಾನದಲ್ಲಿ, ಮಿಶಿಗನ್ ವಿರುದ್ಧ ಗೆದ್ದ ಖುಷಿಯಲ್ಲಿ ವಿದ್ಯಾರ್ಥಿಗಳು ಕೆಳಗೆ ನುಗ್ಗಿದರು. ಮುಂದಿದ್ದವರು ಕಂಬಿಗೆ ಸಿಕ್ಕಿಕೊಂಡರು. 70ಕ್ಕೂ ಹೆಚ್ಚು ಜನರಿಗೆ ಗಾಯವಾಯಿತು. 2025ರ ಜೂನ್ 4ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ 11 ಜನ ತೀರಿಕೊಂಡರು. ಆ ಗೇಟುಗಳಲ್ಲಿ ಅಪ್ಪನ ಕೈ ಹಿಡಿದು ನಾನೂ ನಿಂತವಳು. ಜನ ಸಾಯುವುದು ಜನರ ಅವಸರದಿಂದ ಅಂತ ಹೇಳಿಬಿಡುವುದು ಸುಲಭ. ಹಿಂದಿನವನಿಗೆ ಮುಂದಿನವನು ಕಾಣುವುದಿಲ್ಲ, ಮುಂದಿನವನಿಗೆ ಹೋಗಲು ಜಾಗ ಇರುವುದಿಲ್ಲ. ಆ ಜಾಗ ಬಿಡಬೇಕಾದವರು ನಮ್ಮಂಥವರು. ಅಲ್ಲೊಂದು ಟೀ ಶರ್ಟ್ ಅಂಗಡಿ ಇಡೋಣ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಪ್ರತಿ ವರ್ಷ ಬೇಡ ಅನ್ನುತ್ತೇನೆ.

ಗೇಟಿನಲ್ಲಿ ನಿಲ್ಲುವವರ ಬಗ್ಗೆ ಒಂದು ಮಾತು. ವರ್ಷಕ್ಕೆ ಆರೇಳು ಪಂದ್ಯ ಮಾತ್ರ ನಮ್ಮೂರಲ್ಲಿ ನಡೆಯುತ್ತವೆ. ಅಷ್ಟಕ್ಕಾಗಿ ಯಾರೂ ಖಾಯಂ ಕೆಲಸಕ್ಕೆ ಸೇರುವುದಿಲ್ಲ. ನಿವೃತ್ತ ಮೇಷ್ಟರು, ಶಾಲಾ ಬಸ್ಸಿನ ಚಾಲಕರು, ವಿದ್ಯಾರ್ಥಿಗಳು, ಇವರೇ ನಮ್ಮ ಸಿಬ್ಬಂದಿ. ಮೊದಲು ಇವರನ್ನು ಪ್ರತಿ ವಾರ ಎಲ್ಲಿ ಕೊರತೆಯೋ ಅಲ್ಲಿಗೆ ಹಾಕುತ್ತಿದ್ದರು. ನಾವು ಸೀಸನ್ ಪೂರ್ತಿ ಅದೇ ಗೇಟಿಗೆ ಅದೇ ಜನ ಅಂತ ಮಾಡಿದೆವು. ಖರ್ಚಿಲ್ಲದ ಬದಲಾವಣೆ. ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟಿದ್ದು ಇದೇ. ಹತ್ತಾರು ವರ್ಷಗಳಿಂದ ಸೀಸನ್ ಟಿಕೆಟ್ ಇಟ್ಟುಕೊಂಡಿರುವ ಅಜ್ಜ ಬಂದರೆ ಗೇಟಿನವರೇ ಹೆಸರು ಹಿಡಿದು ಮಾತಾಡಿಸುತ್ತಾರೆ. ಯಾವ ಲಿಫ್ಟ್ ಹತ್ತಿರ, ಗಾಲಿಕುರ್ಚಿ ಎಲ್ಲಿ ಸಿಗುತ್ತದೆ ಅಂತ ಅವರಿಗೆ ಯಾರನ್ನೂ ಕೇಳಬೇಕಾಗಿಲ್ಲ.

ಇನ್ನು ಹಾಫ್‌ಟೈಮ್. ಕಾಲೇಜು ಪಂದ್ಯದಲ್ಲಿ ನಡುವಿನ ವಿರಾಮ 20 ನಿಮಿಷ. ಅದೇ 20 ನಿಮಿಷದಲ್ಲಿ ಮೈದಾನದ ಮೇಲೆ ಕಾಲೇಜಿನ ಬ್ಯಾಂಡ್. ಇನ್ನೂರು, ಮುನ್ನೂರು ಮಕ್ಕಳು ಸಮವಸ್ತ್ರದಲ್ಲಿ ನುಡಿಸುತ್ತಾ, ನಡೆಯುತ್ತಾ ಆಕಾರಗಳನ್ನು ಮಾಡುತ್ತಾರೆ. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾಂಡ್ ರಾಜ್ಯದ ಹೆಸರನ್ನೇ ಕೂಡಿಸಿ ಬರೆದ ಅಕ್ಷರಗಳಲ್ಲಿ ಮೂಡಿಸುತ್ತದೆ. ಅದು ನೋಡಲೇಬೇಕಾದ್ದು. ಆದರೆ ಆ ಹೊತ್ತಿಗೆ ಅರ್ಧ ಮೈದಾನ ಶೌಚಾಲಯದ ಸಾಲಿನಲ್ಲಿ ಇರುತ್ತದೆ. ಅದರಲ್ಲೂ ಹೆಂಗಸರು.

1920ರ ದಶಕದಲ್ಲಿ ಈ ಮೈದಾನಗಳನ್ನು ಕಟ್ಟಿದವರ ಮನಸ್ಸಿನಲ್ಲಿ ಬರುವವರೆಲ್ಲ ಗಂಡಸರೇ. ಈಗ ಹಾಗಿಲ್ಲ. ಹೆಂಗಸರಿಗೆ ಹೊತ್ತು ಜಾಸ್ತಿ ಬೇಕು, ಜೊತೆಗೆ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರೂ ಹೆಚ್ಚಾಗಿ ಅವರೇ. ಹೆಂಗಸರಿಗೆ ಸಾಕಷ್ಟು ಶೌಚಾಲಯ ಇರಬೇಕು ಅಂತ ಕ್ಯಾಲಿಫೋರ್ನಿಯಾದಲ್ಲಿ 1987ರಲ್ಲೇ ಕಾನೂನು ಬಂತು. ಆದರೆ ಇಂಥ ಕಾನೂನುಗಳು ಹೆಚ್ಚಾಗಿ ಹೊಸ ಕಟ್ಟಡಗಳಿಗೆ, ದೊಡ್ಡ ದುರಸ್ತಿಗಳಿಗೆ. ಹಳೆಯ ಕಾಂಕ್ರೀಟಿನ ಒಳಗೆ ಹೊಸ ಪೈಪ್ ಹಾಕುವುದಕ್ಕೆ ಕೋಟಿಗಟ್ಟಲೆ ಬೇಕು.

ನಾವು ಮಾಡಿದ್ದು ಸರಳ. ಒಂದೊಂದು ಬದಿಯಲ್ಲೂ ಗಂಡಸರ ಸಾಲು ಎಲ್ಲಿ ಚಿಕ್ಕದಿರುತ್ತದೆ ಅಂತ ನಿಂತು ನೋಡಿದೆವು. ಅಂಥವುಗಳ ಫಲಕ ಬದಲಿಸಿ ಹೆಂಗಸರಿಗೆ ಬಿಟ್ಟೆವು. ಎರಡು ಬಾಗಿಲಿದ್ದಲ್ಲಿ ಒಂದು ಒಳಗೆ ಹೋಗಲು, ಇನ್ನೊಂದು ಹೊರಗೆ ಬರಲು. ಬಾಗಿಲಲ್ಲಿ ಒಬ್ಬರು ನಿಂತು 'ಎಡಗಡೆ ಕೊನೆಯದು ಖಾಲಿ' ಅಂತ ಹೇಳುತ್ತಿರಬೇಕು. ಇದು ಸಣ್ಣದು ಅನ್ನಿಸಬಹುದು. ಆದರೆ ಒಳಗಿನ ಮೂಲೆಯ ಕೋಣೆಗಳು ಖಾಲಿ ಇದ್ದರೂ ಸಾಲಿನಲ್ಲಿರುವವರಿಗೆ ಅದು ಕಾಣುವುದಿಲ್ಲ. ಬ್ಯಾಂಡ್‌ನ ದೃಶ್ಯವನ್ನೂ ಶಬ್ದವನ್ನೂ ಹೊರಗಿನ ದಾರಿಯ ಟೀವಿಗಳಿಗೆ ಕೊಟ್ಟೆವು. ಮಗಳು ಟ್ರಂಪೆಟ್ ನುಡಿಸುವಾಗ ಅಮ್ಮ ಸಾಲಿನಲ್ಲಿ ನಿಂತು ಏನೂ ಕಾಣದೇ ಇರಬಾರದು, ಅಲ್ವಾ?

ತಿಂಡಿಯ ವಿಷಯದಲ್ಲಿ ಅಟ್ಲಾಂಟಾದಿಂದ ಕಲಿತೆ. ಅಲ್ಲಿನ ಮರ್ಸಿಡಿಸ್ ಬೆಂಜ್ ಸ್ಟೇಡಿಯಂ ವೃತ್ತಿಪರ ತಂಡದ ಮೈದಾನ, ಆದರೆ ದೊಡ್ಡ ಕಾಲೇಜು ಪಂದ್ಯಗಳೂ ನಡೆಯುತ್ತವೆ. 2017ರಲ್ಲಿ ತೆರೆದಾಗ ಹಾಟ್ ಡಾಗ್ 2 ಡಾಲರ್, ಸೋಡಾ 2 ಡಾಲರ್ ಅಂತ ಬೆಲೆ ಇಟ್ಟರು. ಸೋಡಾ ಎಷ್ಟು ಸಲ ಬೇಕಾದರೂ ತುಂಬಿಸಿಕೊಳ್ಳಬಹುದು. ತಂಡದ ಹಿಂದಿನ ಮೈದಾನಕ್ಕಿಂತ ಬೆಲೆ ಅರ್ಧದಷ್ಟು ಇಳಿಸಿದರೂ ಒಬ್ಬೊಬ್ಬರು ಖರ್ಚು ಮಾಡಿದ್ದು ಶೇಕಡಾ 16 ಏರಿತು. ತೆರಿಗೆ ಸೇರಿಸಿಯೇ ಪೂರ್ತಿ ಡಾಲರ್ ಲೆಕ್ಕದ ಬೆಲೆ ಇದ್ದದ್ದರಿಂದ ಚಿಲ್ಲರೆ ಎಣಿಸುವುದೂ ತಪ್ಪಿತು. ನಮಗೆ ಗುತ್ತಿಗೆಯ ಕಟ್ಟುಪಾಡು ಇತ್ತು. ಎಲ್ಲ ಬೆಲೆ ಇಳಿಸಲು ಆಗಲಿಲ್ಲ. ನಾಲ್ಕು ಪದಾರ್ಥಗಳ ಬೆಲೆ ಇಳಿಸಲು ಒಪ್ಪಿಸಿದೆವು, ಅದರಲ್ಲಿ ನೀರು ಒಂದು.

ನಮ್ಮ ಅಂಗಡಿಗಳಲ್ಲಿ ಮಾರುವವರು ಬಹುಪಾಲು ಸ್ವಯಂಸೇವಕರು. ಚರ್ಚಿನ ಗುಂಪು, ಶಾಲೆಯ ಬ್ಯಾಂಡ್ ಮಕ್ಕಳ ಅಪ್ಪ ಅಮ್ಮಂದಿರು. ಮಾರಾಟದಲ್ಲಿ ಒಂದು ಪಾಲು ಅವರ ಸಂಘಕ್ಕೆ ಹೋಗುತ್ತದೆ. ಒಳ್ಳೆಯ ಪದ್ಧತಿ. ಆದರೆ ಅವರ ಕೈಗೆ ಉದ್ದ ಮೆನು ಕೊಟ್ಟರೆ ಸಾಲು ನಿಂತುಬಿಡುತ್ತದೆ. ಮೆನು ಚಿಕ್ಕದು ಮಾಡಿದೆವು. ಸಸ್ಯಾಹಾರ ಎಲ್ಲೆಲ್ಲಿ ಸಿಗುತ್ತದೆ ಅಂತ ಒಂದು ಪಟ್ಟಿಯನ್ನೂ ಹಾಕಿಸಿದೆ. ಹುಬ್ಬಳ್ಳಿಯ ಹುಡುಗನೊಬ್ಬ ಸಿಕ್ಕಾಗ ಹೇಳಿದ್ದ: "ಅಕ್ಕಾರ, ಇಲ್ಲಿ ಪ್ರೆಟ್ಜೆಲ್ ಬಿಟ್ರ ತಿನ್ನಾಕ ಏನೂ ಸಿಗಂಗಿಲ್ರಿ." ಅವನಿಗೆ ಆಟದ ನಿಯಮವೂ ಗೊತ್ತಿರಲಿಲ್ಲ. ಬೇರೆ ದೇಶದಿಂದ ಬಂದ ಮಕ್ಕಳಿಗೆ ಸೀಸನ್‌ನ ಮೊದಲ ವಾರ ಒಂದು ಸಂಜೆ ಪಾಠ ಇಟ್ಟೆವು. ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು. ಇಷ್ಟು ತಿಳಿದರೆ ಸಾಕು, ಸುಮ್ನೆ ಕೂತವರೂ ಎದ್ದು ಕೂಗುತ್ತಾರೆ.

ವಿದ್ಯಾರ್ಥಿಗಳು ಹಾಫ್‌ಟೈಮ್‌ಗೇ ಎದ್ದು ಹೋಗುವುದು ಎಲ್ಲ ಕಡೆಯ ಚಿಂತೆ. ಅಲಬಾಮಾ ವಿಶ್ವವಿದ್ಯಾಲಯ 2019ರಲ್ಲಿ ಒಂದು ಆ್ಯಪ್ ತಂದಿತು. ನಾಲ್ಕನೇ ಕ್ವಾರ್ಟರ್‌ವರೆಗೆ, ಅಂದರೆ ಆಟದ ನಾಲ್ಕು ಭಾಗಗಳಲ್ಲಿ ಕೊನೆಯದರವರೆಗೆ, ಮೈದಾನದಲ್ಲೇ ಇದ್ದರೆ ಅಂಕ, ಅಂಕ ಜಾಸ್ತಿ ಇದ್ದರೆ ಮುಂದಿನ ದೊಡ್ಡ ಪಂದ್ಯದ ಟಿಕೆಟ್‌ಗೆ ಮೊದಲ ಅವಕಾಶ. ನಮ್ಮಲ್ಲೂ ಹಾಗೆ ಮಾಡೋಣ ಅಂದರು. ಅದಕ್ಕೆ ಮೊದಲು ಅವರು ಕೂರುವ ಜಾಗದಲ್ಲಿ ಮಧ್ಯಾಹ್ನ ನಿಂತು ನೋಡೋಣ ಅಂದೆ. ಸೆಪ್ಟೆಂಬರ್ ಬಿಸಿಲು, ಅಲ್ಯೂಮಿನಿಯಂ ಬೆಂಚು, ನೆರಳಿಲ್ಲ, ನೀರಿನ ನಲ್ಲಿ ಎಲ್ಲೋ ದೂರ. ಹತ್ತಿರದಲ್ಲೇ ಬಾಟಲಿ ತುಂಬುವ ನಲ್ಲಿಗಳನ್ನು ಹಾಕಿಸಿ, ಮೆಟ್ಟಿಲುಗಳ ಕೆಳಗೆ ನೆರಳಿನಲ್ಲಿ ದೊಡ್ಡ ಫ್ಯಾನ್ ಇಡಿಸಿದೆವು. ಬಿಸಿಲಿನ ಪಂದ್ಯಗಳಲ್ಲಿ ಪ್ರಥಮ ಚಿಕಿತ್ಸೆಗೆ ಬರುವ ಮಕ್ಕಳು ಕಡಿಮೆಯಾದರು. ಎದ್ದು ಹೋಗುವವರು ಈಗಲೂ ಇದ್ದಾರೆ, ಆದರೆ ಮೊದಲಿನಷ್ಟಲ್ಲ.

ಟೀವಿ ಜಾಹೀರಾತಿನ ವಿರಾಮ ನಮ್ಮ ಕೈಲಿಲ್ಲ. ಆಟ ನಿಂತಾಗ ಇನ್ನೆಷ್ಟು ಹೊತ್ತು ಅಂತ ಪರದೆಯ ಮೂಲೆಯಲ್ಲಿ ಸೆಕೆಂಡ್ ಎಣಿಸುವ ಗಡಿಯಾರ ಹಾಕಿದೆವು, ಅಷ್ಟೇ. ಗೊತ್ತಿದ್ದು ಕಾಯುವುದು ಅಷ್ಟು ಕಷ್ಟ ಅಲ್ಲ.

ಕಾಸು ಖರ್ಚಿಲ್ಲದೆ ಜನರ ಮನಸ್ಸು ತುಂಬಿದ್ದನ್ನು ನೋಡಬೇಕಾದರೆ ಅಯೋವಾಗೆ ಹೋಗಬೇಕು. ಕಿನಿಕ್ ಮೈದಾನದ ಪಕ್ಕದಲ್ಲೇ ಮಕ್ಕಳ ಆಸ್ಪತ್ರೆ. 2017ರಿಂದ ಪ್ರತಿ ಪಂದ್ಯದ ಮೊದಲ ಕ್ವಾರ್ಟರ್ ಮುಗಿದ ಕೂಡಲೇ ಇಡೀ ಮೈದಾನ ಎದ್ದು ಆಸ್ಪತ್ರೆಯ ಮೇಲಂತಸ್ತಿನ ಕಿಟಕಿಗಳ ಕಡೆ ಕೈ ಬೀಸುತ್ತದೆ. ಎದುರಾಳಿ ತಂಡದ ಆಟಗಾರರೂ ತಿರುಗಿ ನಿಂತು ಕೈ ಬೀಸುತ್ತಾರೆ. ಇದನ್ನು ಸೂಚಿಸಿದ್ದು ಒಬ್ಬ ಅಭಿಮಾನಿ, ಫೇಸ್‌ಬುಕ್‌ನಲ್ಲಿ. ನಾನು ಅಲ್ಲಿ ಹೋಗಿ ಕೈ ಬೀಸಿ ಬಂದಿದ್ದೇನೆ. ಕಣ್ಣು ಒದ್ದೆಯಾಗದೆ ಇರುವುದಿಲ್ಲ. ಜನ ಬರೆಯುವುದನ್ನು ನಾವು ಪೂರ್ತಿ ಓದಬೇಕು ಅಂತ ನಾನು ತಂಡಕ್ಕೆ ಹೇಳುವುದು ಇದಕ್ಕೇ.

ಹೊರಗೆ ಹೋಗುವಾಗಿನ ಜಂಜಾಟಕ್ಕೆ ಉಪಾಯ ವಿಸ್ಕಾನ್ಸಿನ್‌ನಲ್ಲಿದೆ. ಪಂದ್ಯ ಮುಗಿದ ಮೇಲೂ ಬ್ಯಾಂಡ್ ನುಡಿಸುತ್ತಲೇ ಇರುತ್ತದೆ. ಅದನ್ನು ಐದನೇ ಕ್ವಾರ್ಟರ್ ಅಂತಾರೆ. ಎಷ್ಟೋ ಜನ ಅದಕ್ಕಾಗಿಯೇ ಉಳಿಯುತ್ತಾರೆ, ರಸ್ತೆಗೆ ಎಲ್ಲರೂ ಒಮ್ಮೆಗೇ ಬೀಳುವುದಿಲ್ಲ. ನಾವೂ ನಮ್ಮ ಬ್ಯಾಂಡ್‌ನವರನ್ನು ಕೇಳಿಕೊಂಡೆವು. ಅವರು ಖುಷಿಯಿಂದ ಒಪ್ಪಿದರು. ಪೊಲೀಸರು ಪಂದ್ಯ ಮುಗಿದ ಮೇಲೆ ಮುಖ್ಯ ರಸ್ತೆಯ ಎಲ್ಲ ಲೇನ್‌ಗಳನ್ನೂ ಊರ ಹೊರಗಿನ ಕಡೆಗೇ ಬಿಡುತ್ತಾರೆ. ಎರಡೂ ಸೇರಿ ಪಾರ್ಕಿಂಗ್‌ನ ದೂರುಗಳು ಇಳಿದಿವೆ, ನಿಂತಿಲ್ಲ.

ಈಗ ಕೈಗೆತ್ತಿಕೊಂಡಿರುವುದು ಮೆಟ್ಟಿಲುಗಳನ್ನು. ಹಳೆಯ ಮೈದಾನ, ಕಡಿದಾದ ಮೆಟ್ಟಿಲು, ಸೀಟುಗಳ ನಡುವಿನ ದಾರಿಯಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ವಯಸ್ಸಾದವರು ಪಕ್ಕದಲ್ಲಿ ಕೂತವರ ಭುಜ ಹಿಡಿದು ಇಳಿಯುತ್ತಾರೆ. ನಡುವೆ ಕಂಬಿ ಹಾಕಲು ಹಣ ಮಂಜೂರಾಗಿದೆ. ಮುಂದಿನ ಬೇಸಿಗೆಯಲ್ಲಿ ಪಶ್ಚಿಮದ ಬದಿಯಿಂದ ಕೆಲಸ ಶುರು, ಯಾಕೆಂದರೆ ಹಳೆಯ ಸೀಸನ್ ಟಿಕೆಟ್‌ನವರು ಅಲ್ಲೇ ಜಾಸ್ತಿ.